ಸೇರದೆ ಉಳಿದ ಸಂತಾಪ ಸಭೆ

2020ರ ಜೂನ್ 28ರಂದು ಕಲಬುರಗಿಯಲ್ಲಿ ಗೀತಾ ನಾಗಭೂಷಣ ನಿಧನರಾದರು. ಅವರಿಗೆ ಆಗ 78 ವರ್ಷ. ಅಂತ್ಯಕ್ರಿಯೆಗೆ 20 ಜನರಿಗಿಂತ ಹೆಚ್ಚು ಸೇರಬಾರದೆಂಬ ನಿಯಮ ಜಾರಿಯಲ್ಲಿದ್ದ ದಿನಗಳವು. ಐದು ದಶಕಗಳ ಕಾಲ ಬರೆದ, ಕಥೆ ಕಾದಂಬರಿಗಳಲ್ಲಿ ಕಲಬುರಗಿ ಸೀಮೆಯ ಬಡವರ ಬಾಯಿಮಾತನ್ನು ಅಚ್ಚಿಗೆ ತಂದ ಲೇಖಕಿಗೆ ಆಕೆಯ ಓದುಗರು ಗುಂಪಾಗಿ ಕೂಡಿ ವಿದಾಯ ಹೇಳುವಂತಿರಲಿಲ್ಲ.

ಅದೇ ವರ್ಷದ ಫೆಬ್ರುವರಿ 5ರಿಂದ 7ರವರೆಗೆ ಕಲಬುರಗಿಯಲ್ಲಿ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಿತ್ತು. ವಿಶ್ವವಿದ್ಯಾಲಯದ ಆವರಣದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಒಂದೇ ತಿಂಗಳ ಅಂತರದಲ್ಲಿ, ಮಾರ್ಚ್ 10ರಂದು, ದೇಶದ ಮೊದಲ ಕೋವಿಡ್ ಸಾವು ಅದೇ ಊರಿನಲ್ಲಿ ಸಂಭವಿಸಿತು. ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದ ಮಾರ್ಚ್ 25 ಗೀತಕ್ಕನವರ ಹುಟ್ಟಿದ ದಿನವೂ ಹೌದು. ಸಮ್ಮೇಳನದ ಜನಸಾಗರವನ್ನು ಕಂಡಿದ್ದ ನಾವು ಜೂನ್ ಹೊತ್ತಿಗೆ ನೆರೆಮನೆಯ ಬಾಗಿಲಿಗೂ ಹೋಗಲು ಅಂಜುತ್ತಿದ್ದೆವು.

ನಿವೃತ್ತಿಯ ನಂತರ ಸೇಡಂನಲ್ಲಿ ನೆಲೆಸಿರುವ ನನಗೆ ಆ ಸುದ್ದಿ ಫೋನಿನಲ್ಲಿ ಬಂತು. ಮುಂದಿನ ಎರಡು ದಿನಗಳ ಶೋಕವೂ ಫೋನಿನಲ್ಲಿಯೇ ನಡೆಯಿತು. ಕರೆ ಮಾಡಿದವರು ಯಾರೆಂಬುದು ಗಮನಿಸಬೇಕಾದ ಸಂಗತಿ. ವಾಡಿ ಜಂಕ್ಷನ್ನಿನಲ್ಲಿ ದುಡಿದು ನಿವೃತ್ತರಾದ ರೈಲ್ವೆ ನೌಕರರೊಬ್ಬರು, ಶಹಾಬಾದಿನ ಕಲ್ಲುಗಣಿಯಲ್ಲಿ ಲೆಕ್ಕ ಬರೆಯುತ್ತಿದ್ದವರು, ಚಿತ್ತಾಪುರದ ಅಂಗನವಾಡಿ ಕಾರ್ಯಕರ್ತೆ, ಚಿಂಚೋಳಿ ಕಡೆಯ ತಾಂಡಾವೊಂದರ ಶಾಲಾ ಶಿಕ್ಷಕ. ಯಾವ ಸಾಹಿತ್ಯ ಸಂಘಟನೆಯ ಪದಾಧಿಕಾರಿಗಳೂ ಇವರಲ್ಲ. ‘ಅಕ್ಕೋರು ಹೋದರಂತಲ್ರಿ ಸಾಹೇಬ್ರ, ಖರೇ ಏನ್ರಿ?’ ಎಂದು ಶಹಾಬಾದಿನವರು ಕೇಳಿದಾಗ ಹೌದೆನ್ನಲು ನನಗೆ ತುಸು ಹೊತ್ತು ಹಿಡಿಯಿತು. ತಾಂಡಾದ ಶಿಕ್ಷಕರ ಸುತ್ತ ಬೇರೆಯೇ ಸಂಕಟವಿತ್ತು. ಮುಂಬಯಿ, ಪುಣೆಗಳಲ್ಲಿ ಕೂಲಿ ಕಳೆದುಕೊಂಡು ಮರಳಿದವರನ್ನು ಅವರು ದಿನವೂ ನೋಡುತ್ತಿದ್ದರು. ಅಕ್ಕ ಇನ್ನೊಂದಿಷ್ಟು ದಿನ ಇದ್ದಿದ್ದರೆ ಇದನ್ನೂ ಬರೆಯುತ್ತಿದ್ದರು ಎಂಬುದು ಅವರ ಅಳಲು.

ಈ ಜನರಿಗೆ ಆಕೆ ತಮ್ಮವರೆನಿಸಲು ಕಾರಣವಿದೆ. ಸಾವಳಗಿಯಲ್ಲಿ 1942ರಲ್ಲಿ ಜನಿಸಿದ ಗೀತಾ, ಕಲಬುರಗಿಯ ಗಿರಣಿ ಕಾರ್ಮಿಕರೊಬ್ಬರ ಮಗಳು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿಯುತ್ತಲೇ ಓದು ಮುಂದುವರಿಸಿ, ಕನ್ನಡ ಅಧ್ಯಾಪಕಿಯಾದರು. (ಕಡತಗಳ ನಡುವೆ ಮೂರು ದಶಕ ಕಳೆದ ನನಗೆ, ಆ ಮೇಜಿನಿಂದ ಎದ್ದು ಕಾದಂಬರಿಗೆ ಹೋದವರ ಬಗ್ಗೆ ಇರುವ ಗೌರವದಲ್ಲಿ ಕೊಂಚ ಅಸೂಯೆಯೂ ಬೆರೆತಿದೆ.) ‘ಹಸಿಮಾಂಸ ಮತ್ತು ಹದ್ದುಗಳು’ ಸಿನಿಮಾ ಆಯಿತು, ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಪ್ರಶಸ್ತಿಗಳಿಗಿಂತ ಭಾಷೆಯ ಮಾತು ಮುಖ್ಯ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ಆ ಆಸ್ಥಾನದ ಪರಿಸರದಲ್ಲಿ. ಅಂಥ ನೆಲದ ಆಡುಮಾತು ನಮ್ಮ ಕಾಲದಲ್ಲಿ ನಾಟಕದ ಹಾಸ್ಯಪಾತ್ರಕ್ಕೆ ಮಾತ್ರ ಲಾಯಕ್ಕು ಎಂಬಂತಾಗಿತ್ತು. ನಿಜಾಮರ ಆಳ್ವಿಕೆಯಲ್ಲಿ ಉರ್ದು ಕಲಿತ ಹಿರಿಯರು, 1956ರ ನಂತರ ಮೈಸೂರು ಕಡೆಯ ಪಠ್ಯಪುಸ್ತಕದ ಕನ್ನಡ ಕಲಿತ ಕಿರಿಯರು, ಇಬ್ಬರೂ ಮನೆಮಾತನ್ನು ಮನೆಯಲ್ಲೇ ಬಿಟ್ಟು ಬಂದವರು. ಗೀತಾ ಅದನ್ನು, ಅದರ ಬೈಗುಳ ಸಮೇತ, ಕಾದಂಬರಿಯೊಳಕ್ಕೆ ತಂದರು. ವಿಮರ್ಶಕರಲ್ಲಿ ಕೆಲವರಿಗೆ ಅವರ ಕಥನ ಒರಟಾಗಿ ಕಂಡಿರಬಹುದು. ಆ ಒರಟುತನ ಇಲ್ಲದಿದ್ದರೆ ವಾಡಿಯ ರೈಲ್ವೆ ನೌಕರರು ಅವರನ್ನು ಓದುತ್ತಿರಲಿಲ್ಲವೆಂದು ನಾನು ಬಲ್ಲೆ.

ನಮ್ಮ ಭಾಗದಲ್ಲಿ ಶೋಕ ಎಂದೂ ಖಾಸಗಿಯಲ್ಲ. ಸತ್ತವರ ಮುಂದೆ ಕುಳಿತ ಹೆಂಗಸರು ಸುಮ್ಮನೆ ಅಳುವುದಿಲ್ಲ. ಹೋದವರ ಬದುಕನ್ನು, ಅವರು ಪಟ್ಟ ಪಾಡನ್ನು, ಮಾಡಿದ ಉಪಕಾರವನ್ನು ಹಾಡಿ ಹೇಳಿ ಅಳುತ್ತಾರೆ. ಮೊಹರಂ ಬಂದರೆ ಕರ್ಬಲಾದಲ್ಲಿ 680ರಲ್ಲಿ ಮಡಿದ ಹುಸೇನರಿಗಾಗಿ ಹಿಂದೂ ಮುಸಲ್ಮಾನರೆನ್ನದೆ ಕನ್ನಡದಲ್ಲಿ ರಿವಾಯತ್ ಪದ ಹಾಡುತ್ತಾರೆ. ಹೇಳಿ ಅಳದಿದ್ದರೆ ಸಾವು ಸಾವಾಗುವುದಿಲ್ಲ ಎಂಬಂಥ ಸಮಾಜ ಇದು. ಆ ವರ್ಷ ಎಷ್ಟೋ ಮನೆಗಳಲ್ಲಿ ಹೇಳಿ ಅಳುವವರೇ ಒಳಗೆ ಬರುವಂತಿರಲಿಲ್ಲ. ಗೀತಕ್ಕನವರ ವಿಷಯದಲ್ಲಿ ಕನಿಷ್ಠ ಪತ್ರಿಕೆಗಳು ಬರೆದವು, ಗಣ್ಯರು ಸಂತಾಪ ಸೂಚಿಸಿದರು. ಆದರೆ ಚಿತ್ತಾಪುರದ ಆ ಕಾರ್ಯಕರ್ತೆಗೆ ನಾಲ್ಕು ಜನರ ಮುಂದೆ ನಿಂತು ‘ಇವರು ನಮ್ಮವ್ವ ಮಾತಾಡಿದಂಗ ಬರೆದರು’ ಎಂದು ಹೇಳಬೇಕಿತ್ತು. ಹೇಳಿದ್ದು ನನ್ನೊಬ್ಬನಿಗೆ, ಅದೂ ಸಂಪರ್ಕ ಕಡಿದು ಕಡಿದು ಹೋಗುತ್ತಿದ್ದ ಫೋನಿನಲ್ಲಿ.

ಅರ್ಥಶಾಸ್ತ್ರ ಓದಿದವನಿಗೆ ಬಾಕಿಯ ಲೆಕ್ಕ ಬೇಗ ಕಣ್ಣಿಗೆ ಬೀಳುತ್ತದೆ. ಲೇಖಕರು ತೀರಿಕೊಂಡಾಗ ಪ್ರತಿಮೆ, ರಸ್ತೆಯ ಹೆಸರು, ಪ್ರಶಸ್ತಿ ಎಂಬ ಬೇಡಿಕೆಗಳು ಏಳುವುದು ರೂಢಿ. ನನಗೆ ಇವುಗಳಲ್ಲಿ ಆಸಕ್ತಿಯಿಲ್ಲ. ಕೆಲ ಕಾಲದ ಹಿಂದೆ ನಮ್ಮ ಸೀಮೆಯ ಗ್ರಂಥಾಲಯವೊಂದರಲ್ಲಿ ‘ಬದುಕು’ ಕೇಳಿದೆ. ನೋಂದಣಿ ಪುಸ್ತಕದಲ್ಲಿತ್ತು, ಕಪಾಟಿನಲ್ಲಿರಲಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯೊಡನೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಿ ಮಾಡುತ್ತವೆ. ಜನ ಕೊಟ್ಟ ಆ ಹಣ ಪುಸ್ತಕವಾಗಿ ಜನರಿಗೆ ಮರಳುವ ದಾರಿಯಲ್ಲಿ ಎಲ್ಲೆಲ್ಲಿ ನಿಂತುಬಿಡುತ್ತದೆ ಎಂಬುದನ್ನು ಸೇವೆಯಲ್ಲಿದ್ದಾಗ ಸಾಕಷ್ಟು ಕಂಡಿದ್ದೇನೆ. ಸಿಮೆಂಟ್ ಕಾರ್ಖಾನೆಗಳಿಂದ ದೇಶಕ್ಕೆಲ್ಲ ಹೆಸರಾದ ಈ ಪಟ್ಟಿಯಲ್ಲಿ ಐದು ಊರುಗಳಿಗೆ ಒಬ್ಬ ಲೇಖಕಿಯ ಪೂರ್ಣ ಕೃತಿಗಳನ್ನು ತರಿಸುವುದು ಯಾವ ಅಂದಾಜು ಪತ್ರಿಕೆಗೂ ಭಾರವಾಗದು.

ಸಭೆಯೂ ಇನ್ನು ನಡೆಯಬಾರದೆಂದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಗ್ರಂಥಾಲಯಗಳಲ್ಲಿ ಜೂನ್ 28ರ ಸಂಜೆ ಒಂದು ಗಂಟೆ ಸಾಕು. ಹಾರ, ಶಾಲು, ಅಧ್ಯಕ್ಷ ಭಾಷಣ ಬೇಡ. ಓದಲು ಬರುವವರೊಬ್ಬರು ‘ಬದುಕು’ವಿನ ಕೆಲವು ಪುಟಗಳನ್ನು ಗಟ್ಟಿಯಾಗಿ ಓದಲಿ. ಆಮೇಲೆ, ಅಂದು ಫೋನಿನಲ್ಲಿ ಅರ್ಧಕ್ಕೆ ನಿಂತ ಮಾತನ್ನು ಚಿತ್ತಾಪುರದ ಆ ತಾಯಿ ಎದ್ದು ಪೂರ್ತಿ ಹೇಳಲಿ.