ಶ್ರವಣ ನರಕ್ಕೆ ಯಂತ್ರದ ನೆರವು

2024ರ ಜನವರಿಯಲ್ಲಿ ಅಮೆರಿಕದ ನ್ಯೂರಾಲಿಂಕ್ ಸಂಸ್ಥೆಯು, ಕೈಕಾಲುಗಳ ಸ್ವಾಧೀನ ತಪ್ಪಿದ್ದ ತರುಣನೊಬ್ಬನ ಮೆದುಳಿನಲ್ಲಿ ನಾಣ್ಯದ ಗಾತ್ರದ ಯಂತ್ರವೊಂದನ್ನು ಅಳವಡಿಸಿತು. ಕೂದಲೆಳೆಗಿಂತಲೂ ಸೂಕ್ಷ್ಮವಾದ 64 ಎಳೆಗಳು. ಅವುಗಳಲ್ಲಿ 1024 ವಿದ್ಯುದಗ್ರಗಳು. ತರುಣನು ಕೈಯಾಡಿಸಬೇಕೆಂದು ಸಂಕಲ್ಪಿಸಿದೊಡನೆ ಗಣಕಯಂತ್ರದ ಪರದೆಯ ಮೇಲಿನ ಬಾಣದ ಗುರುತು ಸರಿಯತೊಡಗಿತು. ಆತನು ಚದುರಂಗವನ್ನೂ ಆಡಿದನು. ಇನ್ನು ಮನುಷ್ಯನ ಮನಸ್ಸನ್ನೇ ಯಂತ್ರವು ಓದಿಬಿಡುವುದೆಂದು ಆಗ ಅನೇಕರು ಗಾಬರಿಗೊಂಡರು. ಕೆಲವೇ ವಾರಗಳಲ್ಲಿ ಆ ಎಳೆಗಳಲ್ಲಿ ಬಹುಪಾಲು ಮೆದುಳಿನಿಂದ ಹಿಂದೆ ಸರಿದುವು, ಗಣಕದ ಕ್ರಮವಿಧಿಯನ್ನು ತಿದ್ದಿ ಕೊರತೆಯನ್ನು ತುಂಬಬೇಕಾಯಿತು ಎಂಬ ಸಂಗತಿ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ.

ಇಂತಹ ಯಂತ್ರವು ಗ್ರಹಿಸುವುದು ಆಲೋಚನೆಯನ್ನಲ್ಲ, ಸ್ನಾಯುಗಳಿಗೆ ಮೆದುಳು ಕೊಡುವ ಆಜ್ಞೆಯನ್ನು. ಮೆದುಳಿನ ವಿದ್ಯುತ್ತನ್ನು ನೆತ್ತಿಯ ಮೇಲಿನಿಂದಲೇ ಅಳೆಯಬಹುದೆಂದು 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಕಂಡುಕೊಂಡನು. ಅಂದಿನಿಂದ ಇಂದಿನವರೆಗೆ ಬದಲಾದುದು ಮುಖ್ಯವಾಗಿ ಅಳತೆಯ ಸೂಕ್ಷ್ಮತೆ ಮತ್ತು ಗಣಕದ ವೇಗ. 2021ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃಷ್ಣ ಶೆಣೈ ಮತ್ತು ಸಂಗಡಿಗರು (ಹೆಸರು ಕೇಳಿದೊಡನೆ ನಮ್ಮ ಕರಾವಳಿಯವರ ಕಿವಿ ನಿಮಿರುವುದು ಸಹಜವೇ) ಕೈಕಾಲುಗಳ ಸ್ವಾಧೀನ ತಪ್ಪಿದ್ದ ವ್ಯಕ್ತಿಯೊಬ್ಬನು ಮನಸ್ಸಿನಲ್ಲೇ ಬರೆದ ಅಕ್ಷರಗಳನ್ನು ನಿಮಿಷಕ್ಕೆ 90ರಂತೆ ಪರದೆಯ ಮೇಲೆ ಮೂಡಿಸಿ ತೋರಿಸಿದರು. ಇವೆಲ್ಲ ಇನ್ನೂ ಪ್ರಯೋಗದ ಹಂತದಲ್ಲಿವೆ.

ಆದರೆ ನರಕ್ಕೂ ಯಂತ್ರಕ್ಕೂ ಬೆಸುಗೆ ಹಾಕುವ ಒಂದು ವಿಧಾನವು ಪ್ರಯೋಗಶಾಲೆಯನ್ನು ದಾಟಿ ದಶಕಗಳೇ ಸಂದಿವೆ. ಪುಣೆಯಲ್ಲಿಯೇ ರಾಸ್ತಾ ಪೇಠೆಯ ಕೆ.ಇ.ಎಂ. ಆಸ್ಪತ್ರೆಯೇ ಮೊದಲಾದೆಡೆ ಅದು ನಡೆಯುತ್ತಿದೆ. ಅದೇ ಕಾಕ್ಲಿಯರ್ ಇಂಪ್ಲಾಂಟ್. ಇಲ್ಲಿ ಸಂದೇಶದ ದಿಕ್ಕು ತಿರುವುಮುರುವು: ಮೆದುಳಿನಿಂದ ಯಂತ್ರಕ್ಕಲ್ಲ, ಯಂತ್ರದಿಂದ ಮೆದುಳಿಗೆ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕರ್ಣಶಂಖದೊಳಗೆ ಸುಮಾರು 15,000 ರೋಮಕೋಶಗಳಿವೆ. ಧ್ವನಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ಶ್ರವಣ ನರಕ್ಕೆ ಒಪ್ಪಿಸುವ ಗುಮಾಸ್ತರು ಇವು. ಹುಟ್ಟುಕಿವುಡಾದ ಬಹಳಷ್ಟು ಮಕ್ಕಳಲ್ಲಿ ನರವು ಸರಿಯಿರುತ್ತದೆ, ಗುಮಾಸ್ತರಿರುವುದಿಲ್ಲ. ಸಾಮಾನ್ಯ ಶ್ರವಣ ಸಾಧನವು ಧ್ವನಿಯನ್ನು ದೊಡ್ಡದು ಮಾಡುತ್ತದೆಯಷ್ಟೆ. ಒಪ್ಪಿಸುವವರೇ ಇಲ್ಲದಲ್ಲಿ ಎಷ್ಟು ಕೂಗಿದರೇನು? ಇಂಪ್ಲಾಂಟ್ ಅವರನ್ನು ದಾಟಿ ನೇರವಾಗಿ ನರವನ್ನೇ ಪ್ರಚೋದಿಸುತ್ತದೆ. ಕಿವಿಯ ಹಿಂದೆ ಧರಿಸುವ ಪುಟ್ಟ ಗಣಕವು ಮಾತನ್ನು ಸ್ವರಸ್ಥಾನಗಳಿಗೆ ಅನುಸಾರವಾಗಿ ವಿಂಗಡಿಸಿ, ಚರ್ಮದ ಮೂಲಕ ರೇಡಿಯೋ ಅಲೆಯಾಗಿ ಒಳಗಿನ ಯಂತ್ರಕ್ಕೆ ಕಳುಹಿಸುತ್ತದೆ. ಅಲ್ಲಿಂದ ಕರ್ಣಶಂಖದೊಳಗಿನ ವಿದ್ಯುದಗ್ರಗಳಿಗೆ. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ 1978ರಲ್ಲಿ ಮೆಲ್ಬೋರ್ನಿನಲ್ಲಿ ತಮ್ಮ ಬಹುವಿದ್ಯುದಗ್ರ ಸಾಧನವನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಿದರು. ಹದಿನೈದು ಸಾವಿರ ಕೋಶಗಳ ಕಾರ್ಯವನ್ನು ಇಪ್ಪತ್ತೆರಡು ವಿದ್ಯುದಗ್ರಗಳಿಂದ ನಿರ್ವಹಿಸುವುದೆಂದರೆ ಸೋಜಿಗವೇ ಸರಿ. ಉಳಿದುದನ್ನು ಮೆದುಳು ಅಭ್ಯಾಸಬಲದಿಂದ ತುಂಬಿಕೊಳ್ಳುತ್ತದೆ.

ಈ ಅಭ್ಯಾಸಕ್ಕೆ ಅವಧಿಯುಂಟು. ಶ್ರವಣಕ್ಕೆ ಮೀಸಲಾದ ಮೆದುಳಿನ ಭಾಗವು ಶಬ್ದವೇ ತಲಪದಿದ್ದಲ್ಲಿ ಕ್ರಮೇಣ ದೃಷ್ಟಿ, ಸ್ಪರ್ಶಗಳ ಪಾಲಾಗುತ್ತದೆ. ಸುಮಾರು ಮೂರೂವರೆ ವರ್ಷಗಳೊಳಗೆ ಇಂಪ್ಲಾಂಟ್ ಪಡೆದ ಮಕ್ಕಳಿಗೂ ಏಳೆಂಟು ವರ್ಷಗಳ ನಂತರ ಪಡೆದವರಿಗೂ ಮಾತಿನ ಬೆಳವಣಿಗೆಯಲ್ಲಿ ಬಹಳ ಅಂತರ ಕಾಣುತ್ತದೆ. ಆದುದರಿಂದ ಶಿಶುವಿನ ಶ್ರವಣ ಪರೀಕ್ಷೆಯು ಒಂದು ತಿಂಗಳೊಳಗೆ, ಖಚಿತ ನಿರ್ಣಯವು ಮೂರು ತಿಂಗಳೊಳಗೆ, ಚಿಕಿತ್ಸೆಯ ಆರಂಭವು ಆರು ತಿಂಗಳೊಳಗೆ ಆಗಬೇಕೆಂಬುದು ತಜ್ಞರ ನಿಯಮ. ‘ಗಂಡುಮಕ್ಕಳು ತಡವಾಗಿಯೇ ಮಾತಾಡುತ್ತಾರೆ, ಇವರಪ್ಪನೂ ಹಾಗೆಯೇ’ ಎಂಬ ಹಿರಿಯರ ಸಮಾಧಾನದಲ್ಲಿ ಕಳೆದುಹೋಗುವುದು ಅಮೂಲ್ಯವಾದ ಈ ಕಾಲವೇ.

ಖರ್ಚಿನ ವಿಚಾರವನ್ನು ಶಸ್ತ್ರಕ್ರಿಯೆಗೆ ಮೊದಲೇ ಕೂಲಂಕಷವಾಗಿ ವಿಚಾರಿಸತಕ್ಕದ್ದು. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯ 2014ರ ಪರಿಷ್ಕರಣದಲ್ಲಿ ವರ್ಷಕ್ಕೆ 500 ಮಕ್ಕಳಿಗೆ, ತಲಾ 6 ಲಕ್ಷ ರೂಪಾಯಿಗಳವರೆಗೆ ನೆರವು ಗೊತ್ತುಮಾಡಲಾಯಿತು. ಯಂತ್ರದ ಬೆಲೆಯು ಬಂಡವಾಳ ವೆಚ್ಚವಾದರೆ, ಬ್ಯಾಟರಿ, ತಂತಿ, ರಿಪೇರಿಗಳು ಆವರ್ತಕ ವೆಚ್ಚ. ಹೊರಗಿನ ಗಣಕವನ್ನು ಕೆಲವು ವರ್ಷಗಳಿಗೊಮ್ಮೆ ಬದಲಾಯಿಸಬೇಕು. ಅದಕ್ಕೆ ಬೇರೆಯೇ ನಿಧಿ ತೆಗೆದಿಡದ ಕುಟುಂಬದಲ್ಲಿ ಮಗುವು ಪುನಃ ಮೌನಕ್ಕೆ ಮರಳುವ ಅಪಾಯವಿದೆ. ತಯಾರಕರ ಸ್ಥಿರತೆಯೂ ಮುಖ್ಯವೇ. ಅಮೆರಿಕದ ಸೆಕೆಂಡ್ ಸೈಟ್ ಸಂಸ್ಥೆಯು ಅಂಧರ ಅಕ್ಷಿಪಟಲಕ್ಕೆ ಇಂತಹುದೇ ಯಂತ್ರವನ್ನು ಕೂಡಿಸುತ್ತಿದ್ದು, 2019ರಲ್ಲಿ ಅದನ್ನು ನಿಲ್ಲಿಸಿತು. ಮರುವರ್ಷ ಬಹುಪಾಲು ನೌಕರರನ್ನು ಕಳುಹಿಸಿಬಿಟ್ಟಿತು. ಯಂತ್ರಗಳು ಮಾತ್ರ ಜನರ ಕಣ್ಣುಗಳಲ್ಲಿಯೇ ಉಳಿದುವು, ರಿಪೇರಿ ಮಾಡುವವರಿಲ್ಲದೆ.

ಶಸ್ತ್ರಕ್ರಿಯೆಯಾದ ಕೆಲವು ವಾರಗಳ ನಂತರವಷ್ಟೇ ಯಂತ್ರವನ್ನು ಚಾಲನೆಗೊಳಿಸುತ್ತಾರೆ. ಆ ದಿನವೇ ಮಗು ‘ಅಮ್ಮಾ’ ಎನ್ನುವುದೆಂದು ನಿರೀಕ್ಷಿಸಬಾರದು. ಎಷ್ಟೋ ಮಕ್ಕಳು ಬೆದರಿ ಅಳುತ್ತವೆ. ಅನಂತರ ವರ್ಷಗಟ್ಟಲೆ ಶ್ರವಣ-ವಾಕ್ ತರಬೇತಿ. ಇದರಲ್ಲಿ ಬಹುಪಾಲು ಮನೆಯಲ್ಲಿ, ತಾಯ್ತಂದೆಯರಿಂದಲೇ ನಡೆಯತಕ್ಕದ್ದು.

ಪುಣೆಯ ಕನ್ನಡ ಕುಟುಂಬಕ್ಕೆ ಇಲ್ಲಿ ಕಠಿಣವಾದ ಪ್ರಶ್ನೆಯೊಂದು ಎದುರಾಗುತ್ತದೆ. ತರಬೇತಿ ನೀಡುವವರ ಭಾಷೆ ಮರಾಠಿ, ಶಾಲೆಯದು ಇಂಗ್ಲಿಷ್, ಮನೆಯದು ಕನ್ನಡ. ಮಗುವಿಗೆ ಯಾವುದು? ಹಿಂದೆ ಒಂದೇ ಭಾಷೆಗೆ ಅಂಟಿಕೊಳ್ಳಿರೆಂಬ ಸಲಹೆ ಸಾಮಾನ್ಯವಾಗಿತ್ತು. ಎಷ್ಟೋ ಮನೆಗಳಲ್ಲಿ ತಾಯಿಯು ತನಗೇ ಸರಿಯಾಗಿ ಬಾರದ ಭಾಷೆಯಲ್ಲಿ ಮಗುವನ್ನು ಮಾತಾಡಿಸುವಂತಾಗುತ್ತಿತ್ತು. ಬೇಗನೆ ಇಂಪ್ಲಾಂಟ್ ಪಡೆದ ಮಕ್ಕಳು ಎರಡು ಭಾಷೆಗಳನ್ನೂ ಕಲಿಯಬಲ್ಲರೆಂದು ಈಚಿನ ಅಧ್ಯಯನಗಳು ತೋರಿಸಿವೆ. ಮುರುಕು ಮರಾಠಿಯ ನಾಲ್ಕು ಪದಗಳಿಗಿಂತ, ಒಗ್ಗರಣೆ ಹಾಕುತ್ತ, ತಲೆ ಬಾಚುತ್ತ, ಅಜ್ಜಿಯೊಡನೆ ಜಗಳವಾಡುತ್ತ ಎಡೆಬಿಡದೆ ಹರಿಯುವ ಕನ್ನಡವೇ ಆ ಇಪ್ಪತ್ತೆರಡು ವಿದ್ಯುದಗ್ರಗಳಿಗೆ ಪುಷ್ಟಿಕರವಾದ ಆಹಾರ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ತಾಯಂದಿರನ್ನು ಮಕ್ಕಳೊಡನೆ ಕೂರಿಸಿಯೇ ಕಲಿಸುವ ಪದ್ಧತಿಯಿದೆ. ಊರು ಬಿಟ್ಟು ಬರಲಾಗದವರಿಗಾಗಿ ದೂರಸಂಪರ್ಕದ ಮೂಲಕ ತರಬೇತಿ ನೀಡುವ ವಿಭಾಗವೂ ಅಲ್ಲಿದ್ದು, ಪುಣೆಯವರು ಮೊದಲು ಪತ್ರ ಬರೆದು ವಿಚಾರಿಸಬಹುದು.