ಕಾದಂಬರಿಯಿಂದ ಚಲನಚಿತ್ರಕ್ಕೆ: ಮೂಲನಿಷ್ಠೆಯ ಸ್ವರೂಪ ಮತ್ತು ಮಿತಿ

ಕಾದಂಬರಿಯನ್ನು ಆಧರಿಸಿದ ಚಲನಚಿತ್ರವೊಂದು ತೆರೆಗೆ ಬಂದಾಗಲೆಲ್ಲ ಅದು ಮೂಲಕೃತಿಗೆ ಎಷ್ಟರಮಟ್ಟಿಗೆ ನಿಷ್ಠವಾಗಿದೆ ಎಂಬ ಪ್ರಶ್ನೆ ಏಳುವುದು ಸಹಜ. ಕನ್ನಡದಲ್ಲಿ ಈ ಪ್ರಶ್ನೆಗೆ ಪ್ರಸಿದ್ಧ ನಿದರ್ಶನವೆಂದರೆ 1972ರಲ್ಲಿ ಬಿಡುಗಡೆಯಾದ, ಪುಟ್ಟಣ್ಣ ಕಣಗಾಲ್ ನಿರ್ದೇಶನದ ‘ನಾಗರಹಾವು’. ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದೇ ಚಿತ್ರಕಥೆಯಾಗಿ ಹೆಣೆದ ಈ ಚಿತ್ರವು ಅಪಾರ ಜನಮನ್ನಣೆಯನ್ನು ಪಡೆಯಿತು. ಆದರೆ ಕಾದಂಬರಿಕಾರರು ಅದನ್ನು ಒಪ್ಪಲಿಲ್ಲ. ತಮ್ಮ ನಾಗರಹಾವು ಕೇರೆಹಾವಾಗಿದೆ ಎಂಬರ್ಥದ ಅವರ ಟೀಕೆ ಇಂದಿಗೂ ಚರ್ಚೆಗಳಲ್ಲಿ ಪ್ರಸ್ತಾಪವಾಗುತ್ತದೆ. ಇತ್ತ ಚಾಮಯ್ಯ ಮೇಷ್ಟರು, ರಾಮಾಚಾರಿ, ಅಲಮೇಲು, ಮಾರ್ಗರೆಟ್ ಪಾತ್ರಗಳು ಕಾದಂಬರಿಯನ್ನು ಓದದ ಲಕ್ಷಾಂತರ ಜನರ ನೆನಪಿನಲ್ಲಿಯೂ ನೆಲೆಸಿವೆ. ಲೇಖಕನಿಗೆ ಅನ್ಯಾಯವೆನಿಸಿದ ರೂಪವೇ ಜನಸಮುದಾಯದ ಪಾಲಿಗೆ ಆ ಕಥೆಯ ಏಕೈಕ ರೂಪವಾಗಿಬಿಡುವ ಈ ಸನ್ನಿವೇಶವೇ ಮೂಲನಿಷ್ಠೆಯ ಪ್ರಶ್ನೆಯನ್ನು ಗಂಭೀರವಾಗಿಸುತ್ತದೆ.

ಕಥೆಯೊಂದನ್ನು ಮತ್ತೊಬ್ಬನು ಮರಳಿ ಹೇಳುವುದು ಕನ್ನಡ ಪರಂಪರೆಗೆ ಹೊಸತಲ್ಲ. ಕ್ರಿ.ಶ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು ವ್ಯಾಸಭಾರತವನ್ನು ಅನುಸರಿಸಿಯೂ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿ ಚಿತ್ರಿಸಿದನು, ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದನು. ಭಾರತೀಯ ಕಾವ್ಯಮೀಮಾಂಸೆಯೂ ಈ ಸ್ವಾತಂತ್ರ್ಯವನ್ನು ಮಾನ್ಯಮಾಡಿದೆ. ಪರಂಪರೆಯಿಂದ ಬಂದ ಇತಿವೃತ್ತದಲ್ಲಿ ರಸಕ್ಕೆ ಅನುಗುಣವಲ್ಲದ ಸ್ಥಿತಿ ಕಂಡುಬಂದರೆ ಕವಿಯು ಅದನ್ನು ಬಿಟ್ಟು, ರಸೋಚಿತವಾದ ಬೇರೊಂದು ಕಥಾಂಶವನ್ನು ಕಲ್ಪಿಸಿಕೊಳ್ಳಬಹುದೆಂದು ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಪ್ರತಿಪಾದಿಸಿದ್ದಾನೆ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿಲ್ಲದ ದೂರ್ವಾಸಶಾಪವನ್ನು ಕಾಳಿದಾಸನು ತನ್ನ ನಾಟಕಕ್ಕೆ ತಂದುದು ಇದಕ್ಕೆ ಉತ್ತಮ ಉದಾಹರಣೆ. ಇಲ್ಲಿ ಮಾರ್ಪಾಡಿಗೆ ಅವಕಾಶವಿದೆಯೆಂಬುದಷ್ಟೇ ಗಮನಾರ್ಹವಲ್ಲ, ಆ ಅವಕಾಶಕ್ಕೆ ಔಚಿತ್ಯದ ಅಂಕೆಯೂ ಇದೆಯೆಂಬುದನ್ನು ಗುರುತಿಸಬೇಕು. ಬದಲಾವಣೆಯು ಕವಿಯ ಇಚ್ಛೆಯಿಂದಲ್ಲ, ಕೃತಿಯ ಅಗತ್ಯದಿಂದ ಸಮರ್ಥನೆ ಪಡೆಯುತ್ತದೆ.

ಆದರೆ ವ್ಯಾಸನ ಕಥೆಗೂ ಆಧುನಿಕ ಕಾದಂಬರಿಗೂ ಮುಖ್ಯವಾದ ವ್ಯತ್ಯಾಸವೊಂದಿದೆ. ಮಹಾಭಾರತವು ಸಮುದಾಯದ ಸೊತ್ತು. ಪಂಪನ ಓದುಗನಿಗೆ ಮೂಲಕಥೆ ಮೊದಲೇ ಗೊತ್ತಿದ್ದುದರಿಂದ ಕವಿ ಮಾಡಿದ ಮಾರ್ಪಾಡು ಮಾರ್ಪಾಡಾಗಿಯೇ ಕಾಣುತ್ತಿತ್ತು. ಕಾದಂಬರಿಯು ಒಬ್ಬ ವ್ಯಕ್ತಿಯ ಸೃಷ್ಟಿ. ಅದನ್ನು ಓದದ ಪ್ರೇಕ್ಷಕನು ಚಿತ್ರದಲ್ಲಿ ಕಂಡುದನ್ನೇ ಲೇಖಕನ ಅಭಿಪ್ರಾಯವೆಂದು ಭಾವಿಸುವ ಸಂಭವವಿರುತ್ತದೆ. ಆದ್ದರಿಂದ ಹಳೆಗನ್ನಡ ಕವಿಯ ಸ್ವಾತಂತ್ರ್ಯವನ್ನು ಚಿತ್ರನಿರ್ದೇಶಕನಿಗೆ ಯಥಾವತ್ತಾಗಿ ಅನ್ವಯಿಸಲಾಗದು.

ನಿಷ್ಠೆಯೆಂಬುದನ್ನು ಮೂರು ಸ್ತರಗಳಲ್ಲಿ ವಿಂಗಡಿಸಿ ನೋಡಿದರೆ ಚರ್ಚೆ ಸ್ಪಷ್ಟವಾಗುತ್ತದೆ. ಮೊದಲನೆಯದು ಇತಿವೃತ್ತ, ಎಂದರೆ ಘಟನೆಗಳು, ಪಾತ್ರಗಳು ಮತ್ತು ಅವುಗಳ ಕ್ರಮ. ಎರಡನೆಯದು ನಿರೂಪಣೆಯ ದೃಷ್ಟಿಕೋನ. ಮೂರನೆಯದು ಕೃತಿಯು ಎತ್ತುವ ಮೂಲಭೂತ ಪ್ರಶ್ನೆ. ಮೊದಲನೆಯ ಸ್ತರದಲ್ಲಿ ಸಂಪೂರ್ಣ ನಿಷ್ಠೆ ಅಸಾಧ್ಯ. ಹಲವು ದಿನಗಳ ಓದಿನಲ್ಲಿ ಬಿಚ್ಚಿಕೊಳ್ಳುವ ಕಥೆಯನ್ನು ಎರಡು ಎರಡೂವರೆ ಗಂಟೆಗಳಿಗೆ ಇಳಿಸುವಾಗ ಆಯ್ಕೆ ಅನಿವಾರ್ಯ. ಮೂರು ಕಾದಂಬರಿಗಳನ್ನು ಒಂದು ಚಿತ್ರವಾಗಿಸುವಾಗಲಂತೂ ಬಿಡುವುದು ಎಷ್ಟೆಂಬುದಕ್ಕಿಂತ ಉಳಿಸಿಕೊಳ್ಳುವುದು ಯಾವುದನ್ನು ಎಂಬುದೇ ಮುಖ್ಯ.

ಎರಡನೆಯ ಸ್ತರದ ತೊಡಕನ್ನು ‘ಸಂಸ್ಕಾರ’ದಲ್ಲಿ ಕಾಣಬಹುದು. ಯು.ಆರ್. ಅನಂತಮೂರ್ತಿಯವರ ಈ ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಚಿತ್ರಕ್ಕೆ ಗಿರೀಶ ಕಾರ್ನಾಡರು ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರವನ್ನೂ ನಿರ್ವಹಿಸಿದರು. ಆರಂಭದಲ್ಲಿ ಸೆನ್ಸಾರ್ ಮಂಡಳಿಯ ಅಡ್ಡಿಯನ್ನು ಎದುರಿಸಿದ ಚಿತ್ರವು 1970ನೆಯ ಸಾಲಿನ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿಗೆ ಪಾತ್ರವಾಯಿತು. ಕಾದಂಬರಿಯ ಉತ್ತರಾರ್ಧದ ಬಹುಭಾಗವು ಆಚಾರ್ಯರ ಅಂತರಂಗದಲ್ಲಿಯೇ ನಡೆಯುತ್ತದೆ. ಧರ್ಮಶಾಸ್ತ್ರದಲ್ಲಿ ಉತ್ತರ ಸಿಗದವನ ತಳಮಳವನ್ನು ಅಲ್ಲಿ ವಾಕ್ಯಗಳ ಲಯವೇ ಹೊತ್ತಿದೆ. ಕ್ಯಾಮೆರಾ ಮುಖವನ್ನು ತೋರಿಸಬಲ್ಲದು, ಮುಖದ ಹಿಂದಿನ ತರ್ಕವನ್ನು ನೇರವಾಗಿ ತೋರಿಸಲಾರದು. ಆಸ್ಟ್ರೇಲಿಯದ ಟಾಮ್ ಕೋವನ್ ಅವರ ಛಾಯಾಗ್ರಹಣವು ಮಲೆನಾಡಿನ ದಾರಿ, ಮೌನ ಮತ್ತು ಒಂಟಿ ನಡಿಗೆಗಳ ಮೂಲಕ ಆ ಕೊರತೆಯನ್ನು ತುಂಬಲೆತ್ನಿಸಿದೆ. ಪರಿಣಾಮವಾಗಿ ಅಗ್ರಹಾರದ ಸಾಮಾಜಿಕ ವಿಮರ್ಶೆ ಚಿತ್ರದಲ್ಲಿ ಹೆಚ್ಚು ಮೊನಚಾಗಿಯೂ ಆಚಾರ್ಯರ ಆತ್ಮಶೋಧನೆ ಕಾದಂಬರಿಗಿಂತ ಮಿತವಾಗಿಯೂ ತೋರುತ್ತದೆ. ಇದನ್ನು ದ್ರೋಹವೆನ್ನುವುದಕ್ಕಿಂತ ಮಾಧ್ಯಮಾಂತರದ ಬೆಲೆಯೆನ್ನುವುದು ಸರಿಯಾದೀತು.

ಮಾಧ್ಯಮಾಂತರದಿಂದ ನಷ್ಟವಷ್ಟೇ ಆಗುತ್ತದೆಂದೂ ಭಾವಿಸಬೇಕಿಲ್ಲ. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಯನ್ನು ಬಿ.ವಿ. ಕಾರಂತರು 1975ರಲ್ಲಿ ಚಿತ್ರವಾಗಿಸಿದರು. ಸ್ವಂತ ಬೇಸಾಯದ ಆಸೆ ಕೈಗೂಡದ ಚೋಮನು ತನ್ನ ದುಃಖ, ರೋಷ, ಉನ್ಮಾದಗಳನ್ನೆಲ್ಲ ದುಡಿಯ ಬಡಿತದಲ್ಲಿ ಹೊರಹಾಕುತ್ತಾನೆ. ಪುಸ್ತಕದ ಓದುಗನು ಆ ಸದ್ದನ್ನು ಊಹಿಸಿಕೊಳ್ಳಬೇಕು. ಚಿತ್ರದ ಪ್ರೇಕ್ಷಕನು ಅದನ್ನು ಕೇಳುತ್ತಾನೆ. ನಿರೂಪಕನ ವಿವರಣೆಯನ್ನು ಕೈಬಿಟ್ಟೂ ಚಿತ್ರವು ಮೂಲದ ಧ್ವನಿಗೆ ಹತ್ತಿರವಾಗಿ ನಿಲ್ಲುವುದು ಈ ಕಾರಣದಿಂದ.

ಮೂರನೆಯ ಸ್ತರದ ಪರೀಕ್ಷೆ ಅತ್ಯಂತ ಕಠಿಣವಾದುದು. ಎಸ್.ಎಲ್. ಭೈರಪ್ಪನವರ ‘ನಾಯಿ ನೆರಳು’ ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು 2006ರಲ್ಲಿ ತೆರೆಗೆ ತಂದರು. ಸತ್ತ ಮಗನು ಬೇರೊಂದು ಮನೆಯಲ್ಲಿ ಹುಟ್ಟಿ, ಪ್ರಾಯಕ್ಕೆ ಬಂದು, ಹಿಂದಿನ ಜನ್ಮದ ಮನೆಗೆ ಮರಳುತ್ತಾನೆಂಬ ನಂಬಿಕೆ ಕಥೆಯ ಕೇಂದ್ರ. ವಯಸ್ಸಿನಲ್ಲಿ ತನಗಿಂತ ಕಿರಿಯನಾದ ಯುವಕನನ್ನು ಗಂಡನೆಂದು ಸ್ವೀಕರಿಸಬೇಕಾದ ಇಕ್ಕಟ್ಟು ವಿಧವೆ ವೆಂಕುವಿನದು. ಕಾದಂಬರಿಯಲ್ಲಿ ಪುನರ್ಜನ್ಮದ ಜಿಜ್ಞಾಸೆಗೆ ದೊರೆತ ಪ್ರಾಧಾನ್ಯವನ್ನು ಚಿತ್ರವು ಉಳಿಸಿಕೊಳ್ಳುವುದಿಲ್ಲ. ಪುನರ್ಜನ್ಮ ನಿಜವೇ ಎಂಬುದಕ್ಕಿಂತ ಆ ನಂಬಿಕೆ ಒಬ್ಬ ಹೆಣ್ಣಿನ ಬಾಳಿನಲ್ಲಿ ಏನನ್ನು ಸಾಧ್ಯವಾಗಿಸುತ್ತದೆ, ಯಾವುದನ್ನು ಕಸಿದುಕೊಳ್ಳುತ್ತದೆ ಎಂಬುದರತ್ತ ಅದರ ನೋಟ ಹರಿಯುತ್ತದೆ. ಘಟನೆಗಳ ಮಟ್ಟದಲ್ಲಿ ಮೂಲಕ್ಕೆ ಸಮೀಪವಾಗಿದ್ದರೂ ತಾತ್ತ್ವಿಕವಾಗಿ ಇದು ಕಾದಂಬರಿಯೊಡನೆ ನಡೆಸಿದ ವಾಗ್ವಾದ. ಮೂಲವನ್ನು ಅದು ಸರಳಗೊಳಿಸುವುದಿಲ್ಲ; ಕಾದಂಬರಿ ಎತ್ತಿದ ಇಕ್ಕಟ್ಟನ್ನು ಅಷ್ಟೇ ಗಂಭೀರವಾಗಿ ಪರಿಗಣಿಸಿ ಮತ್ತೊಂದು ಕಡೆಯಿಂದ ನೋಡುತ್ತದೆ. ಭಿನ್ನಾಭಿಪ್ರಾಯವೂ ನಿಷ್ಠೆಯ ಒಂದು ರೂಪವಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಕಾನೂನು ಸಹ ಇಂಥದೇ ಸಮತೋಲವನ್ನು ಅರಸಿದೆ. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ 57ನೆಯ ಕಲಮು, ಲೇಖಕನು ತನ್ನ ಹಕ್ಕುಗಳನ್ನು ವರ್ಗಾಯಿಸಿದ ಬಳಿಕವೂ ಕೃತಿಯ ವಿರೂಪವನ್ನು ಪ್ರಶ್ನಿಸುವ ವಿಶೇಷ ಹಕ್ಕನ್ನು ಅವನಿಗೆ ಉಳಿಸಿದೆ. ಹಿಂದಿ ಲೇಖಕಿ ಮನ್ನು ಭಂಡಾರಿಯವರ ‘ಆಪ್ ಕಾ ಬಂಟಿ’ ಕಾದಂಬರಿಯನ್ನು ಆಧರಿಸಿದ ಚಿತ್ರದ ಬಗೆಗಿನ ಮೊಕದ್ದಮೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 1986ರಲ್ಲಿ ಈ ಹಕ್ಕನ್ನು ವಿಶದವಾಗಿ ಪರಿಶೀಲಿಸಿತು. ಮಾಧ್ಯಮದ ಅಗತ್ಯಕ್ಕೆ ತಕ್ಕ ಮಾರ್ಪಾಡುಗಳು ಸಹ್ಯ, ಆದರೆ ಮೂಲದ ಆಶಯವನ್ನೇ ವಿಕೃತಗೊಳಿಸುವ ಮಾರ್ಪಾಡುಗಳು ಸಲ್ಲವೆಂಬುದು ಅದರ ನಿಲುವಿನ ಸಾರ. 1994ರ ತಿದ್ದುಪಡಿಯ ಅನಂತರ ವಿರೂಪವು ಲೇಖಕನ ಗೌರವಕ್ಕೆ ಅಥವಾ ಕೀರ್ತಿಗೆ ಕುಂದು ತರುವಂಥದೆಂಬ ಅಂಶವೂ ಮುಖ್ಯವಾಯಿತು. ಕಾನೂನು ಲೇಖಕನ ಮರ್ಯಾದೆಯನ್ನು ಕಾಯಬಲ್ಲದೇ ಹೊರತು, ಒಂದು ರೂಪಾಂತರ ಕಲೆಯಾಗಿ ಗೆದ್ದಿದೆಯೋ ಇಲ್ಲವೋ ಎಂಬುದನ್ನು ನಿರ್ಣಯಿಸಲಾರದು. ಆ ಹೊಣೆ ವಿಮರ್ಶೆಯದು.

ಈ ಹಿನ್ನೆಲೆಯಲ್ಲಿ ಇತಿವೃತ್ತದಲ್ಲಿ ಚಿತ್ರಕಾರನಿಗೆ ವಿಶಾಲವಾದ ಸ್ವಾತಂತ್ರ್ಯವನ್ನೂ ದೃಷ್ಟಿಕೋನದಲ್ಲಿ ಮಾಧ್ಯಮ ಅಪೇಕ್ಷಿಸುವಷ್ಟು ಸ್ವಾತಂತ್ರ್ಯವನ್ನೂ ಒಪ್ಪಬೇಕಾಗುತ್ತದೆ. ಕೃತಿಯ ಮೂಲಪ್ರಶ್ನೆಗೆ ಅವನು ಬೇರೆಯೇ ಉತ್ತರ ಕೊಡಬಹುದು, ಪ್ರಶ್ನೆಯನ್ನೇ ಅಳಿಸಿಹಾಕುವಂತಿಲ್ಲ. ತ.ರಾ.ಸು. ಅವರ ಅಸಮಾಧಾನವನ್ನು ಲೇಖಕನೊಬ್ಬನ ಮುನಿಸೆಂದು ಬದಿಗೆ ಸರಿಸುವುದಾಗಲಿ, ಪುಟ್ಟಣ್ಣನವರ ಸಾಧನೆಯನ್ನು ಕೇವಲ ಜನಪ್ರಿಯತೆಯೆಂದು ಕಿರಿದುಗೊಳಿಸುವುದಾಗಲಿ ಉಚಿತವಲ್ಲ. ಕಾದಂಬರಿಯನ್ನೂ ಚಿತ್ರವನ್ನೂ ಒಟ್ಟಿಗಿಟ್ಟು, ಒಂದೊಂದು ಮಾರ್ಪಾಡಿಗೂ ಕಾರಣವನ್ನು ಅರಸುವ ಓದು ಮಾತ್ರ ಇಬ್ಬರಿಗೂ ನ್ಯಾಯ ಸಲ್ಲಿಸಬಲ್ಲದು. ಚಿತ್ರವನ್ನು ನೋಡಿದವರು ಕಾದಂಬರಿಯನ್ನು ಅರಸಿ ಹೋಗುವಷ್ಟು ಕಾಲವೂ ಆ ಓದಿಗೆ ಅವಕಾಶವಿದ್ದೇ ಇರುತ್ತದೆ.