‘ಮಕ್ಕಳಿಗೆ ಎಂತ ಗೊತ್ತಾಗ್ತದೆ?’

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಯಾವುದಾದರೂ ಮನೆಯ ಕುಡಿತದ ಸಂಗತಿ ಮಾತಿಗೆ ಬಂದರೆ ಈ ಸಮಾಧಾನ ತಪ್ಪದೆ ಕೇಳಿಸುತ್ತದೆ: ‘ಪುಣ್ಯಕ್ಕೆ ಮಕ್ಕಳು ಸಣ್ಣವು, ಅವಕ್ಕೆ ಎಂತ ಗೊತ್ತಾಗ್ತದೆ?’ ಮೇಷ್ಟ್ರು ಹೇಳುತ್ತಾರೆ, ಬ್ಯಾಂಕಿನವರು ಹೇಳುತ್ತಾರೆ, ಸೋದರಮಾವ ಮಕ್ಕಳ ಎದುರೇ ಹೇಳುತ್ತಾರೆ, ಅದೂ ಸಣ್ಣ ದನಿಯಲ್ಲೇನಲ್ಲ.

ಗೊತ್ತಿರುತ್ತದೆ ಮಾರಾಯ್ರೇ, ನಿಮಗಿಂತ ಮೊದಲೇ ಗೊತ್ತಿರುತ್ತದೆ. ಅಂಗಳದಲ್ಲಿ ಬೈಕು ನಿಲ್ಲುವ ಸದ್ದಿನಲ್ಲೇ ಏಳು ವರ್ಷದ ಹುಡುಗಿಗೆ ಆ ರಾತ್ರಿ ಹೇಗೆ ಕಳೆಯಲಿದೆ ಎಂಬುದು ತಿಳಿದುಬಿಡುತ್ತದೆ. ಸ್ಟ್ಯಾಂಡು ಒಂದೇ ಸಲಕ್ಕೆ ಬಿದ್ದರೆ ಪರವಾಗಿಲ್ಲ. ಕಾಲು ತಡಕಾಡಿದರೆ ಅವಳು ಪುಸ್ತಕ ಮುಚ್ಚಿ, ತಮ್ಮನನ್ನು ಒಳಕೋಣೆಗೆ ಕರಕೊಂಡು ಹೋಗಿ ಮಲಗಿಸುತ್ತಾಳೆ. ಅಮ್ಮ ಬೀಡಿ ಬ್ರಾಂಚಿನಿಂದ ತಂದ ಮಜೂರಿ ಯಾವ ಡಬ್ಬಿಯಲ್ಲಿದೆ, ಈ ವಾರ ಸಂಘದ ಕಂತಿಗೆ ಎಷ್ಟು ಕಡಿಮೆ ಬಿತ್ತು, ಕ್ವಾರ್ಟರ್ ಬಾಟ್ಲಿ ಹಟ್ಟಿಯಲ್ಲಿ ಎಲ್ಲಿ ಅಡಗಿದೆ, ಯಾರಾದರೂ ಕೇಳಿದರೆ ‘ಅಪ್ಪನಿಗೆ ಜ್ವರ’ ಎನ್ನಬೇಕು, ಇಷ್ಟೂ ಗೊತ್ತಿರುವ ಮಗು ದೊಡ್ಡವರ ಎದುರು ಏನೂ ಅರಿಯದ ಮುಖ ಮಾಡಿ ಕೂರುತ್ತದೆ. ಆ ಮುಖವನ್ನು ನಾವು ನಂಬುತ್ತೇವೆ.

ಅದಕ್ಕೆ ಗೊತ್ತಿಲ್ಲದ್ದು ಒಂದೇ, ಇದೆಲ್ಲ ಯಾಕೆ ಆಗುತ್ತಿದೆ ಎಂಬುದು. ಯಾರೂ ಹೇಳದಿದ್ದರೆ ಅದು ತಾನೇ ಕಾರಣ ಹುಡುಕುತ್ತದೆ, ಹೆಚ್ಚಾಗಿ ತನ್ನಲ್ಲೇ. ಗಣಿತದಲ್ಲಿ ಮಾರ್ಕು ಕಡಿಮೆ ಬಂದ ದಿನವೇ ಅಪ್ಪ ಕುಡಿದು ಬಂದರು, ಹಾಗಾದರೆ ನನ್ನಿಂದಲೇ. ಈ ಲೆಕ್ಕಾಚಾರದಲ್ಲಿ ಕೆಲವು ಮಕ್ಕಳು ಹಟ ಹಿಡಿದು ಓದಿ ಕ್ಲಾಸಿಗೇ ಫಸ್ಟ್ ಬರುವುದುಂಟು. ಆಗ ‘ನೋಡಿ, ಮಗುವಿಗೆ ಎಂತದೂ ಆಗಲಿಲ್ಲ’ ಎಂದು ಊರವರ ಸರ್ಟಿಫಿಕೇಟು.

ಇನ್ನು ಆಣೆಯ ವಿಷಯ. ಅಪ್ಪ ಮಗನ ತಲೆ ಮುಟ್ಟಿ ‘ಇವನ ಮೇಲಾಣೆ, ಇನ್ನು ಮುಟ್ಟುವುದಿಲ್ಲ’ ಎನ್ನುತ್ತಾರೆ. ಸುತ್ತ ಕೂತ ಹಿರಿಯರು ಕಣ್ಣೊರೆಸಿಕೊಳ್ಳುತ್ತಾರೆ. ವಾರದೊಳಗೆ ಆಣೆ ಮುರಿಯುತ್ತದೆ. ದೊಡ್ಡವರಿಗೆ ಅದು ಮತ್ತೊಂದು ಸುಳ್ಳು, ಅಷ್ಟೇ. ಹುಡುಗನಿಗೋ, ಅವತ್ತಿನಿಂದ ತನಗೆ ಏನಾಗುತ್ತದೋ ಎಂದು ಕಾಯುವ ಕೆಲಸ. ಜೂನ್ ತಿಂಗಳ ಮಾಮೂಲಿ ಜ್ವರ ಬಂದರೂ ‘ಇದು ಅದೇ’ ಎಂದು ಒಳಗೊಳಗೇ ನಡುಗುತ್ತಾನೆ. ಏನೂ ಗೊತ್ತಾಗದ ಮಗು ತಾನೆ, ಹಾಗಾಗಿ ಅವನನ್ನು ಯಾರೂ ವಿಚಾರಿಸುವುದಿಲ್ಲ. ‘ನೀನು ಹೇಳಿದ್ರೆ ಅಪ್ಪ ಕೇಳ್ತಾರೆ ಮಗಾ’ ಎಂದು ಮಕ್ಕಳನ್ನು ಮುಂದೆ ತಳ್ಳುವುದೂ ಇದೇ ಜಾತಿಯದು. ಕೇಳದಿದ್ದರೆ ಸೋತದ್ದು ಮಗು.

ಅಮೆರಿಕದಲ್ಲಿ ಫೆಲಿಟ್ಟಿ ಮತ್ತು ಆಂಡಾ ಎಂಬ ವೈದ್ಯರು ಬಾಲ್ಯದ ಕಷ್ಟಗಳ ಬಗ್ಗೆ ನಡೆಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಮನೆಯೊಳಗಿನ ಕುಡಿತ, ಮಾದಕ ವ್ಯಸನ ಅವರ ಪಟ್ಟಿಯಲ್ಲೇ ಇತ್ತು. ಇಂಥ ಕಷ್ಟಗಳು ಒಂದರ ಮೇಲೊಂದು ಸೇರಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ವ್ಯಸನ, ಹೃದ್ರೋಗಗಳ ಅಪಾಯ ಏರುತ್ತದೆ. ಆದರೆ ನನಗೆ ಹೆಚ್ಚು ಇಷ್ಟವಾದದ್ದು ಎಮ್ಮಿ ವರ್ನರ್ ಅವರ ಕೆಲಸ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಅವರ ತಂಡ ದಶಕಗಳ ಕಾಲ ಗಮನಿಸಿತು. ಬಡತನ, ಕುಡಿತ, ಜಗಳಗಳ ನಡುವೆ ಬೆಳೆದವರಲ್ಲೂ ಸುಮಾರು ಮೂರನೇ ಒಂದರಷ್ಟು ಮಂದಿ ಚೆನ್ನಾಗಿಯೇ ಬಾಳಿದರು. ಅವರ ಬದುಕಿನಲ್ಲಿ ಪದೇ ಪದೇ ಕಂಡದ್ದು ಏನೆಂದರೆ, ನಂಬಬಹುದಾದ ಒಬ್ಬರಾದರೂ ದೊಡ್ಡವರು ಇದ್ದರು. ಅಜ್ಜಿ, ದೊಡ್ಡಮ್ಮ, ಟೀಚರು, ಯಾರಾದರೂ ಸರಿ.

ಆ ಒಬ್ಬರು ಮಗುವಿಗೆ ಹೇಳಬೇಕಾದದ್ದು ಬಹಳ ಇಲ್ಲ. ‘ಅಪ್ಪನಿಗೆ ಕುಡಿತದ ಕಾಯಿಲೆ ಉಂಟು. ಅದು ನಿನ್ನಿಂದ ಬಂದದ್ದಲ್ಲ, ನಿಲ್ಲಿಸುವುದು ನಿನ್ನ ಕೆಲಸವೂ ಅಲ್ಲ. ಹೆದರಿಕೆ ಆದ್ರೆ ಸೀದಾ ನಮ್ಮಲ್ಲಿಗೆ ಬಾ, ಎಷ್ಟು ರಾತ್ರಿ ಆದ್ರೂ ಬಾಗಿಲು ತೆಗೀತೇನೆ.’ ಹೇಳಿದ ಮೇಲೆ ಬಾಗಿಲು ತೆಗೆಯಲೇಬೇಕು. ಅಪ್ಪನನ್ನು ಬೈಯುವ ಅಗತ್ಯವಿಲ್ಲ, ಮಗು ಅಪ್ಪನನ್ನು ಪ್ರೀತಿಸುತ್ತಿರುತ್ತದೆ. ಬಾಟ್ಲಿ ಹುಡುಕುವ, ಬಾಯಿ ಮೂಸುವ ಪೊಲೀಸ್ ಕೆಲಸಕ್ಕೂ ಅದನ್ನು ಹಚ್ಚಬಾರದು.

ಕುಡಿತದ ಬಗ್ಗೆ ಊರಲ್ಲಿ ಓಡಾಡುವ ಉಳಿದ ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ‘ಮದುವೆ ಮಾಡಿದ್ರೆ ಸರಿಯಾಗ್ತಾನೆ’ ಎನ್ನುವವರಿಗೆ ಉತ್ತರಿಸುವ ತಾಳ್ಮೆ ನನಗಿಲ್ಲ, ಮದುವೆಯಾದವಳನ್ನೇ ಕೇಳಿ. ‘ಅಪ್ಪ ಕುಡುಕ, ಮಗನೂ ಹಾಗೇ’: ವಂಶದ ಪಾಲು ಸುಮಾರು ಅರ್ಧ ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ, ಅದು ಅಪಾಯವೇ ಹೊರತು ಹಣೆಬರಹವಲ್ಲ. ‘ಕೋಣೆಗೆ ಹಾಕಿ ಬೀಗ ಜಡಿದರೆ ತಾನಾಗಿ ಬಿಡ್ತದೆ’: ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬಂದು ಪ್ರಾಣವೇ ಹೋಗಬಹುದು, ಡಾಕ್ಟರಿಲ್ಲದೆ ಈ ಸಾಹಸ ಬೇಡ.

‘ಶಿಬಿರಕ್ಕೆ ಹಾಕಿದೆವಲ್ಲ, ಮುಗೀತು’ ಎಂಬುದೂ ಉಂಟು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರ ನಮ್ಮ ಊರುಗಳಿಗೆ ಹೊಸತಲ್ಲ. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಎಂಬುದೊಂದನ್ನು ಅವರೇ ಕಟ್ಟಿದ್ದು, ಕುಡಿತದ ಕಾಯಿಲೆ ಎಂಟು ದಿನದ ಶಿಬಿರಕ್ಕೆ ಮುಗಿಯುವುದಿಲ್ಲ ಎಂಬ ಕಾರಣಕ್ಕಲ್ಲವೇ? ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಚೆನ್ನೈಯಲ್ಲಿ ವ್ಯಸನ ಚಿಕಿತ್ಸೆಯ ಸಂಸ್ಥೆ ಕಟ್ಟಿದಾಗ ಮನೆಯವರಿಗೂ ಚಿಕಿತ್ಸೆಯಲ್ಲಿ ಜಾಗ ಕೊಟ್ಟರು. ನಮ್ಮಲ್ಲಿ ಈಗಲೂ ಮನೆಯವರೆಂದರೆ ಬ್ಯಾಗು ಹಿಡಿದು ಬಂದು ಬಿಟ್ಟು ಹೋಗುವವರು.

ನಂಬಿಕೆಗೇನು ಬರಗಾಲವೇ? ಮಗುವಿನ ಹತ್ತಿರ ಎರಡು ಮಾತು ಆಡಲು ಬಾಯಿ ಬರುವುದಿಲ್ಲ. ‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಲಾಗುವುದು’ ಎಂಬ ಗೋಡೆಯ ಚೀಟಿಗೆ ಮಾತ್ರ ಸಂಘದ ಸಾಲವೂ ಸಿಗುತ್ತದೆ. ಪೊಟ್ಟಣದಲ್ಲಿ ಏನಿದೆಯೆಂದು ಕೊಟ್ಟವನೂ ಹೇಳುವುದಿಲ್ಲ, ಕೊಂಡವರೂ ಕೇಳುವುದಿಲ್ಲ. ಡೈಸಲ್ಫಿರಾಮ್ ಎಂಬ ನಿಜವಾದ ಔಷಧ ಒಂದುಂಟು. ಅದನ್ನು ನುಂಗಿದವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹಾಗಾಗಿಯೇ ಡಾಕ್ಟರು ಲಿವರು, ಹೃದಯ ನೋಡಿ, ಕುಡಿಯುವವರಿಗೆ ಎಲ್ಲ ತಿಳಿಸಿ, ಅವರು ಒಪ್ಪಿದ ಮೇಲೆಯೇ ಕೊಡುವುದು. ಕದ್ದು ಸಾಂಬಾರಿಗೆ ಬೆರೆಸುವ ವಸ್ತು ಅದಲ್ಲ.

ಗೋಡೆ ಚೀಟಿಯ ಮೊಬೈಲ್ ನಂಬರಿಗಿಂತ ಚಿಕ್ಕ ನಂಬರುಗಳೂ ಇವೆ, ಕಾಸು ಕೇಳುವುದಿಲ್ಲ: ವ್ಯಸನಕ್ಕೆ 14446, ಮನಸ್ಸಿನ ಕಷ್ಟಕ್ಕೆ ಟೆಲಿ-ಮಾನಸ್ 14416, ಮಕ್ಕಳಿಗೆ 1098. ಕುಡಿಯುವವರೇ ಫೋನ್ ಮಾಡಬೇಕೆಂದಿಲ್ಲ. ಅವರು ಬಿಡಲು ಒಪ್ಪದಿದ್ದರೂ ಹೆಂಡತಿ ತನಗೋಸ್ಕರ ಮಾಡಬಹುದು.